ಅಂತರಜಾಲದಲ್ಲಿ ಅಂಗಡಿಯ ಹೆಸರು

ವ್ಯಾಪಾರಿಗೆ ಹೆಸರೇ ಬಂಡವಾಳವೆಂಬುದು ಹಳೆಯ ಮಾತು. ಆದರೆ ಬಾಗಿಲ ಮೇಲಿನ ನಾಮಫಲಕದಲ್ಲಿ ಒಂದಕ್ಷರ ತಪ್ಪಾಗಿದ್ದರೂ ಗಿರಾಕಿಯು ದಾರಿ ತಪ್ಪುವುದಿಲ್ಲ. ಅಂಗಡಿ ಕಣ್ಣಿಗೆ ಕಾಣುತ್ತದೆ, ಕಾಣದಿದ್ದರೆ ನೆರೆಯವರು ತೋರಿಸುತ್ತಾರೆ. ಅಂತರಜಾಲದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಒಂದಕ್ಷರ ತಪ್ಪಿದರೆ ಗಿರಾಕಿಯು ಬೇರೊಬ್ಬನ ಅಂಗಡಿಯ ಮುಂದೆ ನಿಲ್ಲುತ್ತಾನೆ, ಇಲ್ಲವೆ ಎಲ್ಲಿಗೂ ತಲಪುವುದಿಲ್ಲ. ಹೀಗಿದ್ದರೂ ಜಾಲತಾಣಕ್ಕೆ ಇಡಬೇಕಾದ ಹೆಸರನ್ನು, ಎಂದರೆ ಡೊಮೇನ್ ಹೆಸರನ್ನು, ನಾವು ಆತುರದಿಂದ ಆರಿಸುತ್ತೇವೆಂಬುದು ನನ್ನ ಅಭಿಪ್ರಾಯ. ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಕಡೆ ತೊಗರಿಬೇಳೆಯ ಗಿರಣಿಯನ್ನೋ ಹಾಸುಗಲ್ಲಿನ ವ್ಯಾಪಾರವನ್ನೋ ನಡೆಸುವ ಮನೆಗಳಲ್ಲಿ ಈ ಕೆಲಸವು ಸಾಮಾನ್ಯವಾಗಿ ಕಾಲೇಜಿಗೆ ಹೋಗುವ ಮಗನ ಅಥವಾ ಮಗಳ ಪಾಲಿಗೆ ಬರುತ್ತದೆ. ಆದುದರಿಂದ ಈ ವಿಚಾರವನ್ನು ವಿದ್ಯಾರ್ಥಿಗಳ ಮುಂದೆಯೇ ಇಡುವುದು ಉಚಿತ.

ಅಂತರಜಾಲದಲ್ಲಿ ಯಂತ್ರಗಳು ಪರಸ್ಪರ ಗುರುತಿಸುವುದು ಅಂಕಿಗಳಿಂದ. ಹೆಸರುಗಳಿರುವುದು ಮನುಷ್ಯರ ಅನುಕೂಲಕ್ಕಾಗಿ. ಮೊದಮೊದಲು ಹೆಸರು ಮತ್ತು ಅಂಕಿಗಳ ಪಟ್ಟಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಒಂದೇ ಕಡತದಲ್ಲಿ ಇಟ್ಟಿದ್ದರು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಯು ಪಟ್ಟಿಯನ್ನು ಅನೇಕ ಯಂತ್ರಗಳಿಗೆ ಹಂಚುವ ವ್ಯವಸ್ಥೆಯನ್ನು ರೂಪಿಸಿದನು. ಅಂಚೆಯವರು ವಿಳಾಸವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ, ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಕ್ರಮದಲ್ಲಿ ವಿಂಗಡಿಸುವಂತೆ, ಯಂತ್ರವು ಈ ಹೆಸರನ್ನು ಬಲದಿಂದ ಎಡಕ್ಕೆ ಬಿಡಿಸುತ್ತದೆ. ಕೊನೆಯಲ್ಲಿ ‘ಡಾಟ್ ಇನ್’ ಇದ್ದರೆ ಭಾರತದ ಪಟ್ಟಿಯನ್ನು ಕೇಳಬೇಕೆಂದು ತಿಳಿಯುತ್ತದೆ. ಆ ಪಟ್ಟಿಯು ಅಂಗಡಿಯ ಹೆಸರಿಗೆ ಸೇರಿದ ಯಂತ್ರವನ್ನು ತೋರಿಸುತ್ತದೆ. ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಇಲ್ಲಿಲ್ಲ. ರೋಮನ್ ಲಿಪಿಯ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ, ಒಂದು ಅಡ್ಡಗೆರೆ, ಇಷ್ಟೇ ಸಾಮಗ್ರಿ. ಚುಕ್ಕೆಗಳ ನಡುವಿನ ಒಂದು ಭಾಗದಲ್ಲಿ ಹೆಚ್ಚೆಂದರೆ 63 ಅಕ್ಷರ. ಮುಖ್ಯವಾದ ಸಂಗತಿಯೆಂದರೆ, ಈ ವ್ಯವಸ್ಥೆಯು ಊಹಿಸುವುದಿಲ್ಲ. ಕೊಟ್ಟ ಅಕ್ಷರಗಳಿಗೆ ಮಾತ್ರ ಉತ್ತರ ಕೊಡುತ್ತದೆ.

ಕನ್ನಡಿಗರ ತೊಡಕು ಆರಂಭವಾಗುವುದು ಇಲ್ಲಿಯೇ. ನಮ್ಮ ಹೆಸರುಗಳಿಗೆ ರೋಮನ್ ಲಿಪಿಯಲ್ಲಿ ಒಂದೇ ಕಾಗುಣಿತವಿಲ್ಲ. ತೊಗರಿಯ ‘ತ’ಕಾರವನ್ನು ಒಬ್ಬರು ‘ಟಿ’ ಎಂದೂ ಇನ್ನೊಬ್ಬರು ‘ಟಿ, ಎಚ್’ ಎಂದೂ ಬರೆಯುತ್ತಾರೆ. ಚಿತ್ತಾಪುರಕ್ಕೆ ಒಂದು ‘ಟಿ’ಯೂ ಉಂಟು, ಎರಡು ‘ಟಿ’ಯೂ ಉಂಟು. ಸೇಡಂ ಊರು ಇಂಗ್ಲಿಷ್ ಬರವಣಿಗೆಯಲ್ಲಿ ‘ಸೇರಂ’ ಎಂದೂ ಕಾಣಸಿಗುತ್ತದೆ. ‘ಲ’ಕಾರ ‘ಳ’ಕಾರಗಳ ಭೇದವಂತೂ ರೋಮನ್ ಲಿಪಿಯಲ್ಲಿ ಪೂರ್ತಿಯಾಗಿ ಅಳಿಸಿಹೋಗುತ್ತದೆ: ಹಾಸುಗಲ್ಲಿನ ವ್ಯಾಪಾರಿಯು ಭಕ್ತಿಯಿಂದ ‘ಕಲ್ಲು’ ಎಂದು ಬರೆಯಿಸಿದುದನ್ನು ಓದುವವನು ‘ಕಳ್ಳು’ ಎಂದು ಓದಿಕೊಂಡರೆ ಅವನನ್ನು ದೂರುವಂತಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಶಹಾಬಾದಿನ ಕಲ್ಲಿನ ವ್ಯಾಪಾರಿಯೊಬ್ಬನು ಊರ ಹೆಸರನ್ನೂ ಸರಕಿನ ಹೆಸರನ್ನೂ ಜೋಡಿಸಿದನೆನ್ನಿ. ‘ಶಹಾ’ ಎಂಬಲ್ಲಿ ಕೊನೆಯ ‘ಎ’ಯನ್ನು ಬರೆಯಬಹುದು, ಬಿಡಬಹುದು, ‘ಬಾದ್’ ಎಂಬಲ್ಲಿ ಒಂದು ‘ಎ’ ಅಥವಾ ಎರಡು, ಪದಗಳ ನಡುವೆ ಅಡ್ಡಗೆರೆ ಇರಬಹುದು, ಇಲ್ಲದಿರಬಹುದು, ಕೊನೆಗೆ ‘ಡಾಟ್ ಇನ್’ ಅಥವಾ ‘ಡಾಟ್ ಕಾಂ’. ನಾಲ್ಕು ಸ್ಥಾನಗಳಲ್ಲಿ ಎರಡೆರಡು ಆಯ್ಕೆಗಳಾದುವು. ಎರಡನ್ನು ನಾಲ್ಕು ಸಲ ಗುಣಿಸಿದರೆ ಹದಿನಾರು. ಕಿವಿಯಿಂದ ಕೇಳಿದವನಿಗೆ ಹದಿನಾರು ಬಾಗಿಲುಗಳು. ಅವುಗಳಲ್ಲಿ ನಮ್ಮದು ಒಂದೇ. ಐದನೆಯ ಸಂದೇಹವೊಂದು ಸೇರಿದರೆ ಮೂವತ್ತೆರಡು!

ಒಂದಕ್ಷರದ ಬೆಲೆಯೆಷ್ಟೆಂಬುದನ್ನು ನಮ್ಮ ನ್ಯಾಯಾಲಯಗಳೂ ಅಳೆದಿವೆ. ಸತ್ಯಂ ಇನ್ಫೋವೇ ಎಂಬ ಸಂಸ್ಥೆಯು ತನ್ನ ಹೆಸರಿನ ಅಕ್ಷರಗಳಿಂದಲೇ ‘ಸಿಫಿ’ ಎಂಬ ಪದವನ್ನು ಕಟ್ಟಿ, 1999ರಲ್ಲಿ ಅದರ ಮೇಲೆ ಡೊಮೇನ್ ಹೆಸರುಗಳನ್ನು ನೋಂದಾಯಿಸಿತ್ತು. 2001ರಿಂದ ಇನ್ನೊಂದು ಸಂಸ್ಥೆಯು ಅದೇ ಪದವನ್ನು ಒಂದು ‘ಎಫ್’ ಹೆಚ್ಚಾಗಿ ಸೇರಿಸಿ ಬಳಸಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಮೊದಲುಗೊಂಡ ವ್ಯಾಜ್ಯವು ಕರ್ನಾಟಕ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2004ರ ಮೇ ತಿಂಗಳಲ್ಲಿ ಆ ನ್ಯಾಯಾಲಯವು, ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರಚಿಹ್ನೆಯಂತೆ ರಕ್ಷಣೆಗೆ ಅರ್ಹವಾದುದು ಎಂದು ತೀರ್ಪಿತ್ತು ಮೊದಲನೆಯ ಸಂಸ್ಥೆಯ ಪರವಾಗಿ ನಿಂತಿತು. ದೊಡ್ಡ ಸಂಸ್ಥೆಗೆ ದೆಹಲಿಯವರೆಗೆ ಹೋಗುವ ಶಕ್ತಿಯಿತ್ತು. ಸಣ್ಣ ವ್ಯಾಪಾರಿಗೆ ಅಷ್ಟು ಶಕ್ತಿಯೆಲ್ಲಿ? ಅವನ ರಕ್ಷಣೆ ಆಯ್ಕೆಯಲ್ಲಿಯೇ ಇರಬೇಕು.

ಊರ ಹೆಸರನ್ನೇ ನಂಬುವುದು ಸುಲಭದ ದಾರಿಯೆಂದು ಅನೇಕರಿಗೆ ತೋರುವುದು. ಆದರೆ ಮರಾಠಿಯಲ್ಲಿ ‘ಚಿಂಚ್’ ಎಂದರೆ ಹುಣಸೆ. ಮಹಾರಾಷ್ಟ್ರದಲ್ಲಿ ಚಿಂಚೋಳಿ ಎಂಬ ಊರುಗಳು ಹಲವಿವೆ, ಪುಣೆ ಜಿಲ್ಲೆಯದಂತೂ ನವಿಲುಗಳಿಗೆ ಪ್ರಸಿದ್ಧ. ಶಹಾಬಾದ ಎಂಬ ಊರು ಹರಿಯಾಣದಲ್ಲಿಯೂ ಉತ್ತರಪ್ರದೇಶದಲ್ಲಿಯೂ ಉಂಟು. ಅಲ್ಲದೆ ಊರುಗಳ ಹೆಸರು ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ಗುಲ್ಬರ್ಗವು ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. 2021ರಲ್ಲಿ ನಮ್ಮ ಈಶಾನ್ಯ ಸಾರಿಗೆ ಸಂಸ್ಥೆಯೂ ಹೆಸರು ಬದಲಿಸಿಕೊಂಡಿತು. ಸರ್ಕಾರಿ ಸಂಸ್ಥೆಯು ಹೊಸ ಹೆಸರನ್ನು ಜನರಿಗೆ ತಿಳಿಸಬಲ್ಲದು. ಕಿರುಗಿರಣಿಯವನಿಗೆ ಅದು ಕಷ್ಟ. ಇನ್ನೂ ಒಂದು ಮಾತು: ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರು ಮತ್ತು ಬೇಳೆಗಳ ಆ ಜೋಡಿ ಹೆಸರು ಬೆಳೆಗಾರರೆಲ್ಲರ ಸ್ವತ್ತು. ಅದು ಒಬ್ಬನ ಅಂಗಡಿಯ ಗುರುತಾಗಲಾರದು.

ಹಾಗಾದರೆ ಎಂತಹ ಹೆಸರು ಒಳ್ಳೆಯದು? ಮಾರುವ ಸರಕಿಗಿಂತ ಮಾರುವವನನ್ನು ಗುರುತಿಸುವ, ಎರಡು ಮೂರು ಉಚ್ಚಾರಾಂಶಗಳ, ಅಡ್ಡಗೆರೆ ಅಂಕಿಗಳಿಲ್ಲದ, ಮಹಾಪ್ರಾಣವಾಗಲಿ ‘ಳ’ಕಾರವಾಗಲಿ ದೀರ್ಘಸ್ವರದ ಸಂದೇಹವಾಗಲಿ ಇಲ್ಲದ ಹೆಸರು. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ದೂರವಾಣಿಯಲ್ಲಿ ಹತ್ತು ಮಂದಿಗೆ ಹೆಸರನ್ನು ಒಮ್ಮೆ ಹೇಳಿ, ಕಾಗುಣಿತವನ್ನು ಹೇಳದೆ, ಬರೆದು ಕಳುಹಿಸಿರೆಂದು ಕೇಳಿರಿ. ಅವರಲ್ಲಿ ತಾಂಡೂರಿನ ತೆಲುಗರೂ ಸೋಲಾಪುರದ ಮರಾಠಿಗರೂ ಇರಲಿ. ಹತ್ತರಲ್ಲಿ ಒಂಬತ್ತು ಮಂದಿ ಒಂದೇ ರೀತಿ ಬರೆದರೆ ಹೆಸರು ಉತ್ತೀರ್ಣವಾಯಿತು. ನಾಲ್ಕು ಬಗೆಯಾದರೆ, ಅದು ಎಷ್ಟೇ ಇಂಪಾಗಿದ್ದರೂ ಕೈಬಿಡಬೇಕು.

ಕನ್ನಡ ಲಿಪಿಯಲ್ಲಿಯೇ ಏಕಾಗಬಾರದು ಎಂದು ಕೇಳುವವರಿದ್ದಾರೆ. ಆಗಬಹುದು, ‘ಡಾಟ್ ಭಾರತ’ ಎಂಬ ಕೊನೆಯುಳ್ಳ ಕನ್ನಡದ ಹೆಸರುಗಳು ಈಗ ದೊರೆಯುತ್ತವೆ. ಯಂತ್ರವು ಅವನ್ನು ಒಳಗೊಳಗೆ ರೋಮನ್ ಅಕ್ಷರಗಳ ಗುಪ್ತಲಿಪಿಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಕಲ್ಲು ಇಲ್ಲಿ ಕಲ್ಲಾಗಿಯೇ ಉಳಿಯುವುದು. ಆದರೆ ಪುಣೆಯ ಗಿರಾಕಿಯ ಬೆರಳಿಗೆ ಕನ್ನಡ ಒದಗಲಾರದು. ಜ, ಬ, ಲ ಮುಂತಾದವು ತೆಲುಗಿನ ಅಕ್ಷರಗಳಂತೆಯೇ ಕಾಣುವುದರಿಂದ ಕಣ್ಣಿಗೆ ಒಂದೇ ಆದ ಹೆಸರು ಯಂತ್ರಕ್ಕೆ ಬೇರೆಯಾಗಬಲ್ಲದು. ಆದುದರಿಂದ ಕನ್ನಡದ ಹೆಸರು ಎರಡನೆಯ ಬಾಗಿಲಾಗಿರಲಿ, ಅದನ್ನೊಂದನ್ನೇ ನೆಚ್ಚಬಾರದು.

ಕೊಳ್ಳುವುದರ ವಿಷಯದಲ್ಲಿ ಎರಡು ಎಚ್ಚರಿಕೆಗಳು ಸಾಕು. ಮೊದಲನೆಯದು, ಈ ಹೆಸರು ಕ್ರಯಕ್ಕೆ ದೊರೆಯುವುದಲ್ಲ, ಗುತ್ತಿಗೆಗೆ ದೊರೆಯುವುದು. ಒಂದರಿಂದ ಹತ್ತು ವರ್ಷಗಳವರೆಗೆ ಮಾತ್ರ. ಮೊದಲ ವರ್ಷದ ಅಗ್ಗದ ದರವನ್ನು ನೋಡಿ ಮರುಳಾಗದೆ ನವೀಕರಣದ ದರವನ್ನು ಕೇಳಬೇಕು, ಗಡುವನ್ನು ಮರೆಯಬಾರದು. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿನಂತಹ ಸಂಸ್ಥೆಯೇ ತನ್ನ ‘ಪಾಸ್‌ಪೋರ್ಟ್’ ಎಂಬ ಡೊಮೇನಿನ 35 ಡಾಲರು ಶುಲ್ಕ ಕಟ್ಟಲು ಮರೆತು, ಹಾಟ್‌ಮೇಲ್ ಬಳಸುವವರು ತೊಂದರೆಗೆ ಸಿಕ್ಕಿದ್ದರು. ಹೊರಗಿನವನೊಬ್ಬನು ಆ ಹಣವನ್ನು ತಾನೇ ಕಟ್ಟಿದನು. ಎರಡನೆಯದು, ನೋಂದಣಿಯು ಮಾಲೀಕನ ಹೆಸರಿನಲ್ಲಿ, ಮಾಲೀಕನ ಇಮೇಲ್ ವಿಳಾಸಕ್ಕೆ ಆಗಬೇಕು. ಜಾಲತಾಣವನ್ನು ಕಟ್ಟಿಕೊಟ್ಟವನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡರೆ, ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೆ ನಿವೇಶನದ ಪತ್ರ ಮಾಡಿಸಿದಂತೆಯೇ ಸರಿ.

ದೊಡ್ಡ ಸಂಸ್ಥೆಗಳ ಜಾಲದಲ್ಲಿ ಪುಟವೊಂದನ್ನು ಬಿಟ್ಟಿಯಾಗಿ ತೆರೆಯಬಹುದಾಗಿರುವಾಗ ಇಷ್ಟೆಲ್ಲ ಏಕೆಂಬ ಆಕ್ಷೇಪವು ಉಳಿಯುತ್ತದೆ. ಊರೊಳಗಿನ ಗಿರಾಕಿಗಳಷ್ಟೇ ಸಾಕೆನ್ನುವ ಅಂಗಡಿಗೆ ಅದು ಸಾಕು. ಆದರೆ ಆ ಪುಟವು ಸಂತೆಯಲ್ಲಿ ಬೇರೆಯವರು ಕೊಟ್ಟ ಜಾಗ. ಅವರು ಎಬ್ಬಿಸಿದ ದಿನ ಏಳಬೇಕು. ನಮ್ಮ ತೊಗರಿಯೂ ಕಲ್ಲೂ ದೂರದೂರಕ್ಕೆ ಹೋಗುತ್ತವೆ. ಅವುಗಳೊಡನೆ ಬೆಳೆದವರ, ಕಡಿದವರ ಹೆಸರು ಹೋಗುವುದು ಅಪರೂಪ. ಆ ಹೆಸರು ಸರಕಿನ ಜೊತೆಗೆ ಹೋಗಿ, ಕೊಂಡವರನ್ನು ಮರಳಿ ನಮ್ಮ ಬಾಗಿಲಿಗೆ ಕರೆತರಬೇಕಾದರೆ, ಅದನ್ನು ಆರಿಸುವ ತರುಣರು ಅಂದವನ್ನು ನೋಡುವ ಮುಂಚೆ ಅಕ್ಷರಗಳನ್ನು ಎಣಿಸಿ ನೋಡಬೇಕು.