ಸ್ಟಾರ್ ಬರೋದು ಊರು ನೋಡಿ ಅಲ್ಲ, ಗಲ್ಲಾ ನೋಡಿ

ಬನಶಂಕರಿ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳೆಲ್ಲ ಬಾದಾಮಿ ಕಡೆ ಮುಖ ಮಾಡುತ್ತವೆ. ಮಾರಿಜಾತ್ರೆಯ ವರ್ಷವಾದರೆ ಶಿರಸಿಗೆ. ದೇವಿಯ ಮೇಲೆ ಭಕ್ತಿ ಇಲ್ಲವೆಂದಲ್ಲ. ಆದರೆ ಮಾಲೀಕನ ಲೆಕ್ಕವೇ ಬೇರೆ. ತಗಡು, ಬೊಂಬು, ಪರದೆ ಲಾರಿಗೆ ಹೇರಿ ಇಳಿಸುವ ಖರ್ಚು ಒಂದು ಆಟಕ್ಕೂ ಅಷ್ಟೇ, ನಲವತ್ತು ಆಟಕ್ಕೂ ಅಷ್ಟೇ. ಜನ ತಾವಾಗಿ ಬಂದು ಸೇರುವ ಕಡೆ ಕ್ಯಾಂಪ್ ಹಾಕಿದವನು ಗೆದ್ದ. ಚಿಂದೋಡಿಯವರ ಕೆ.ಬಿ.ಆರ್. ಕಂಪನಿಯನ್ನು ಕಂಡ ದಾವಣಗೆರೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಹಾಡುಗಾರರ ದೊಡ್ಡ ದೊಡ್ಡ ಕಂಪನಿಗಳೂ ಮಾಡುವುದು ಇದನ್ನೇ. ಲಾರಿ ಬದಲು ಕಾರ್ಗೋ ವಿಮಾನ, ಅಷ್ಟೇ ವ್ಯತ್ಯಾಸ. ಕೋಲ್ಡ್‌ಪ್ಲೇ ತಂಡ 2025ರ ಜನವರಿಯಲ್ಲಿ ಮೊದಲು ಅಬುಧಾಬಿಯಲ್ಲಿ ನಾಲ್ಕು ಆಟ ಆಡಿತು. ಅಲ್ಲಿಂದ ನವಿ ಮುಂಬೈನಲ್ಲಿ ಮೂರು, ಅಹಮದಾಬಾದಿನಲ್ಲಿ ಎರಡು. ದಾರಿಯಲ್ಲಿ ಸಿಕ್ಕಿದ ಊರು, ಕಟ್ಟಿದ ಸ್ಟೇಜಿನ ಮೇಲೆ ಎರಡು ಮೂರು ರಾತ್ರಿ. ಟಿಕೆಟ್ಟು 2,500 ರೂಪಾಯಿಯಿಂದ 35,000ದವರೆಗೆ.

ಬೆಂಗಳೂರಿಗೆ ಯಾಕೆ ಬರಲಿಲ್ಲ ಅಂತ ಹುಡುಗರು ಮುಖ ಊದಿಸಿಕೊಂಡರು. ಇಂಥ ಸಂಗೀತಕ್ಕೆ ಹಳೆಯ ಠಾಣೆ ಬೆಂಗಳೂರೇ ತಾನೆ? 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಎಲ್ಲರೂ ಅರಮನೆ ಮೈದಾನಕ್ಕೆ ಬಂದು ಹೋದವರು. ಉತ್ತರ ಸರಳ. ಅಹಮದಾಬಾದಿನ ಸ್ಟೇಡಿಯಮ್ಮಿನ ಕುರ್ಚಿಗಳೇ 1,32,000. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ನಲವತ್ತು ಸಾವಿರದ ಆಸುಪಾಸು. ಸ್ಟೇಜಿನ ಖರ್ಚು ಎರಡು ಕಡೆಯೂ ಒಂದೇ. ಕಿರಾಣಿ ಅಂಗಡಿಯವನಿಗೂ ಅರ್ಥವಾಗುವ ವ್ಯಾಪಾರ.

ಈ ಆಟದಲ್ಲಿ ಸರ್ಕಾರಗಳೂ ಇಳಿದಿವೆ. ಅಲ್ಲಿಗೆ ವಿಷಯ ಬರೀ ಹಾಡಿನದಾಗಿ ಉಳಿಯುವುದಿಲ್ಲ. 2024ರ ಮಾರ್ಚಿನಲ್ಲಿ ಟೇಲರ್ ಸ್ವಿಫ್ಟ್ ಎಂಬ ಅಮೆರಿಕದ ಗಾಯಕಿ ಸಿಂಗಪುರದಲ್ಲಿ ಆರು ರಾತ್ರಿ ಹಾಡಿದಳು. ಆಗ್ನೇಯ ಏಷ್ಯಾದಲ್ಲಿ ಬೇರೆಲ್ಲೂ ಹಾಡಲಿಲ್ಲ. ಆಟಕ್ಕೆ 20ರಿಂದ 30 ಲಕ್ಷ ಡಾಲರ್ ಕೊಟ್ಟು, ಅಕ್ಕಪಕ್ಕದ ದೇಶಗಳಿಗೆ ಹೋಗದಂತೆ ಕಟ್ಟಿಹಾಕಿದ್ದಾರೆ ಅಂತ ಥಾಯ್ಲೆಂಡಿನ ಆಗಿನ ಪ್ರಧಾನಿ ಸ್ರೆಟ್ಟಾ ಬಹಿರಂಗವಾಗಿಯೇ ಹೇಳಿದರು. ಫಿಲಿಪ್ಪೀನ್ಸಿನಲ್ಲೂ ಗೊಣಗಾಟ ಎದ್ದಿತು. ಸಿಂಗಪುರದ ಆಗಿನ ಪ್ರಧಾನಿ ಲೀ ಶೀನ್ ಲೂಂಗ್, ಕೊಟ್ಟದ್ದು ನಿಜ ಅಂತ ಒಪ್ಪಿದರು. ಎಷ್ಟು ಅಂತ ಮಾತ್ರ ಬಾಯಿ ಬಿಡಲಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಟಿಕೆಟ್ ಖರ್ಚಾಯಿತು. ಮನಿಲಾ, ಜಕಾರ್ತಾ, ಬ್ಯಾಂಕಾಕಿನಿಂದ ವಿಮಾನ ಹತ್ತಿ ಬಂದವರು ಲಾಡ್ಜು, ಊಟ, ಟ್ಯಾಕ್ಸಿ ಅಂತ ಅಲ್ಲೇ ಜೇಬು ಖಾಲಿ ಮಾಡಿ ಹೋದರು.

ಅಂಗಡಿಯವರು ಗಮನಿಸಬೇಕಾದದ್ದು ಇದನ್ನೇ. ಲಾಭ ಬಂದದ್ದು ಹೊರಗಿನವರ ದುಡ್ಡಿನಿಂದ. ಅದೇ ಊರಿನ ಹುಡುಗ ಐದು ಸಾವಿರ ಕೊಟ್ಟು ಟಿಕೆಟ್ ಕೊಂಡರೆ ಊರಿಗೆ ಹೊಸ ದುಡ್ಡೇನೂ ಬರಲಿಲ್ಲ. ಹಬ್ಬಕ್ಕೆ ಬಟ್ಟೆ ಅಂಗಡಿಗೆ, ಹೋಟೆಲಿಗೆ, ಮೊಬೈಲ್ ಅಂಗಡಿಗೆ ಹೋಗಬೇಕಾಗಿದ್ದ ಹಣ ಅತ್ತ ತಿರುಗಿತು. ಅದರಲ್ಲಿ ಸಿಂಹಪಾಲು ಸ್ಟಾರಿನ ಜೊತೆ ವಿಮಾನ ಹತ್ತಿ ಹೋಯಿತು. ದಾವಣಗೆರೆಯಿಂದ ಬೆಂಗಳೂರಿಗೆ ಬಸ್ ಹತ್ತುವ ಹುಡುಗನ ವಿಷಯದಲ್ಲಂತೂ ಈ ಊರಿಗೆ ಪೂರಾ ಲುಕ್ಸಾನು. ಹುಡುಗರು ಹೋಗಬಾರದು ಅಂತಲ್ಲ, ಹೋಗಲಿ ಪಾಪ. ‘ಕಾನ್ಸರ್ಟ್ ಎಕಾನಮಿ’ ಅಂತ 2025ರ ಜನವರಿಯಲ್ಲಿ ಪ್ರಧಾನಿಯವರೇ ಭಾಷಣ ಮಾಡಿದ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. ಕೂಡುವ ಲೆಕ್ಕ ಎಲ್ಲರೂ ಹೇಳ್ತಾರೆ, ಕಳೆಯುವ ಲೆಕ್ಕ ಯಾರೂ ಹೇಳೋದಿಲ್ಲ.

ಮೈಕೆಲ್ ಜಾಕ್ಸನ್ 1996ರಲ್ಲಿ ಮುಂಬೈಗೆ ಬಂದಾಗ ಮಹಾರಾಷ್ಟ್ರ ಸರ್ಕಾರ ಮನರಂಜನಾ ತೆರಿಗೆ ಮಾಫಿ ಮಾಡಿತು. ಗ್ರಾಹಕರ ಸಂಘದವರು ಕೋರ್ಟಿಗೆ ಹೋದರು. ಮೂರು ಕೋಟಿಗೂ ಮಿಕ್ಕಿದ ಆ ತೆರಿಗೆಯ ಕಥೆ ಎಳೆದೂ ಎಳೆದೂ 2021ರಲ್ಲಿ ಮತ್ತೆ ಮಾಫಿಯಲ್ಲೇ ಮುಗಿಯಿತು. ಅಷ್ಟರಲ್ಲಿ ಹಾಡಿದವನೇ ತೀರಿಕೊಂಡು ಹನ್ನೆರಡು ವರ್ಷವಾಗಲು ಬಂದಿತ್ತು.

ಸಣ್ಣ ಊರಿಗೆ ಯಾರೂ ಬರುವುದೇ ಇಲ್ಲವೆ? ಶಿಲ್ಲಾಂಗ್ ನೋಡಿ. 2011ರ ಜನಗಣತಿಯಲ್ಲಿ ಆ ಊರಿನ ಜನ ಒಂದೂವರೆ ಲಕ್ಷ ಮುಟ್ಟಲಿಲ್ಲ. ದಾವಣಗೆರೆ ನಾಲ್ಕು ಲಕ್ಷ ದಾಟಿತ್ತು. ಆದರೂ 2024ರ ಡಿಸೆಂಬರಿನಲ್ಲಿ ಬ್ರಯಾನ್ ಆಡಮ್ಸ್, 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಅಲ್ಲಿ ಹಾಡಿದರು. ಅಲ್ಲಿನ ಜನ ಆ ಸಂಗೀತವನ್ನು ತಲೆಮಾರಿನಿಂದ ಬಲ್ಲವರು. ಬಾಬ್ ಡಿಲನ್ ಹುಟ್ಟುಹಬ್ಬವನ್ನು 1972ರಿಂದ ಆಚರಿಸುವ ಊರು ಅದು. ಸರ್ಕಾರವೂ ಬೆನ್ನಿಗೆ ನಿಂತಿತು. ಅದೇ ಶೀರನ್ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಗಿಟಾರ್ ಹಿಡಿದು ಬೀದಿಯಲ್ಲಿ ನಿಂತಾಗ ಪೊಲೀಸರು ಬಂದು ಮೈಕಿನ ವೈರ್ ಕಿತ್ತರು! ಜಗತ್ತೆಲ್ಲ ನೋಡಿ ನಕ್ಕಿತು. ಪೇದೆಯನ್ನು ಬೈದು ಏನು ಫಲ? ಗುಂಪು ಸೇರಿದರೆ ಏನಾಗುತ್ತದೆಂದು ನಾಲ್ಕು ತಿಂಗಳೊಳಗೆ, 2025ರ ಜೂನ್ 4ರಂದು, ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಗೇಟುಗಳ ಬಳಿ ಗೊತ್ತಾಯಿತು. ಹನ್ನೊಂದು ಹೆಣ ಬಿದ್ದವು.

ಬಂದೋಬಸ್ತು, ಆಂಬುಲೆನ್ಸು, ಕುಡಿಯುವ ನೀರು, ಕಕ್ಕಸು, ಹೊರಹೋಗುವ ದಾರಿ, ಇವೆಲ್ಲ ಮೊದಲ ಟಿಕೆಟ್ ಮಾರುವ ಮುಂಚೆಯೇ ಲೆಕ್ಕಕ್ಕೆ ಬರಬೇಕಾದ ಬಾಬತ್ತು. ಆ ಬಿಲ್ಲು ಕಂಪನಿಯವರ ತಲೆಗೆ ಬೀಳಬೇಕು, ಕಂದಾಯ ಕಟ್ಟುವವನ ತಲೆಗಲ್ಲ.

ಇನ್ನು ಹೊರಗಿನ ಜನ ಬಂದು ದುಡ್ಡು ಬಿಚ್ಚುವ ಜಾತ್ರೆ ಈ ಊರಿಗೆ ಆಗಲೇ ಇದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನೇ ಕರೆಸುತ್ತಾಳೆ, ಯಾರಿಗೂ ಡಾಲರ್ ಕೊಡಬೇಕಿಲ್ಲ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯವರು ಕೊನೆ ಬಸ್ಸಿಗೆ ಹೆದರಿ ಎಂಟಕ್ಕೇ ಗಂಟು ಕಟ್ಟಿದರೆ ಅಂಗಡಿಗೂ ನಷ್ಟ, ನಾಟಕದವನಿಗೂ ನಷ್ಟ. ಜಾತ್ರೆಯಷ್ಟು ದಿನ ರಾತ್ರಿ ಹನ್ನೆರಡಕ್ಕೆ ಆ ಮೂರು ದಾರಿಗೂ ಎರಡೆರಡು ಬಸ್ಸು ಹೆಚ್ಚು ಬಿಡಲು ಡಿಪೋದವರಿಗೆ ಎಷ್ಟು ಖರ್ಚಾದೀತು?