ಜಗಳಕ್ಕೂ ಕಡತ ಬೇಕು

‘ಮೊದಲೆಲ್ಲ ಓಪನ್ ಸೋರ್ಸ್ ಅಂದ್ರೆ ಬರೀ ಕೋಡ್ ಆಗಿತ್ತು, ಈಗ ಬರೀ ರಾಜಕೀಯ’ ಎಂಬ ಮಾತು ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ನಡುವೆ ಈಚೆಗೆ ಬಾಯಿಂದ ಬಾಯಿಗೆ ದಾಟುತ್ತಿದೆ. ಸಮಿತಿ, ಚುನಾವಣೆ, ನಡವಳಿಕೆಯ ಸಂಹಿತೆ, ತೀರ್ಮಾನಗಳ ದಾಖಲೆ, ಇವೆಲ್ಲ ಕೋಡ್ ಬರೆಯಲು ಬಾರದವರು ತಂದು ಗಂಟುಹಾಕಿದ ತಲೆನೋವು ಎಂಬುದು ಅದರ ಒಳದನಿ. ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಜಗಳದಿಂದ ಕೆಟ್ಟ ಪ್ರಾಜೆಕ್ಟುಗಳಿಗಿಂತ, ಯಾರು ತೀರ್ಮಾನಿಸಬೇಕು, ಯಾಕೆ ಹಾಗೆ ತೀರ್ಮಾನವಾಯಿತು ಎಂಬುದನ್ನು ಬರೆದಿಡದ ಸೋಮಾರಿತನದಿಂದ ಕೆಟ್ಟವೇ ಹೆಚ್ಚು.

ಅಷ್ಟಕ್ಕೂ ಆ ‘ಮೊದಲು’ ಯಾವುದು? 1997ರಲ್ಲೇ ಜಿಸಿಸಿ ಕಂಪೈಲರ್ ಇಬ್ಭಾಗವಾಗಿತ್ತು. ಹೊಸ ಪ್ಯಾಚ್‌ಗಳನ್ನು ಸೇರಿಸಿಕೊಳ್ಳಲು ಮೀನಮೇಷ ಎಣಿಸುತ್ತಾರೆಂದು ಬೇಸತ್ತ ಡೆವಲಪರ್‌ಗಳು ಇಜಿಸಿಎಸ್ ಎಂಬ ಬೇರೆ ಒಲೆ ಹೂಡಿದರು. 1999ರಲ್ಲಿ ಆ ಬಂಡಾಯದ ಪ್ರತಿಯೇ ಅಧಿಕೃತ ಜಿಸಿಸಿ ಆಯಿತು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಲಿನಕ್ಸ್ ಆವೃತ್ತಿ ಡೆಬಿಯನ್‌ಗೆ ಐದೇ ವರ್ಷದಲ್ಲಿ ಲಿಖಿತ ಸಂವಿಧಾನ ಬೇಕಾಯಿತು. ರಾಜಕೀಯವಿಲ್ಲದ ಆ ಸುವರ್ಣಯುಗವನ್ನು ಯಾರೂ ಕಂಡಿಲ್ಲ.

1970ರ ದಶಕದ ಮೊದಲಲ್ಲಿ ಅಮೆರಿಕದ ಜೋ ಫ್ರೀಮನ್, ಮಹಿಳಾ ಚಳವಳಿಯ ಗುಂಪುಗಳನ್ನು ಒಳಗಿನಿಂದ ನೋಡಿ ಒಂದು ಪ್ರಬಂಧ ಬರೆದರು. ನಾಯಕರಿಲ್ಲ, ನಿಯಮವಿಲ್ಲ ಎಂದು ಹೇಳಿಕೊಳ್ಳುವ ಗುಂಪಿನಲ್ಲೂ ನಾಯಕರಿರುತ್ತಾರೆ, ನಿಯಮವಿರುತ್ತದೆ. ಅದು ಒಳಗಿನ ನಾಲ್ಕು ಮಂದಿಗೆ ಮಾತ್ರ ಗೊತ್ತು, ಆದ್ದರಿಂದಲೇ ಅವರನ್ನು ಪ್ರಶ್ನಿಸಲೂ ಆಗುವುದಿಲ್ಲ ಎಂಬುದು ಅದರ ತಿರುಳು. ನಮ್ಮ ಕೂಡುಕುಟುಂಬಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಗೋಡೆಯ ಮೇಲೆ ಬರೆದಿರುವುದಿಲ್ಲ. ಹೊಸ ಸೊಸೆ ತಪ್ಪು ಮಾಡಿ, ಬೈಸಿಕೊಂಡೇ ಕಲಿಯಬೇಕು. ‘ನಮ್ಮಲ್ಲಿ ನಿಯಮಗಿಯಮ ಇಲ್ಲ’ ಎನ್ನುವ ಪ್ರಾಜೆಕ್ಟಿಗೆ ಮೊದಲ ಪ್ಯಾಚ್ ಕಳಿಸಿದ ಹುಡುಗಿಯ ಪಾಡೂ ಇಷ್ಟೇ. ತಿಂಗಳುಗಟ್ಟಲೆ ಉತ್ತರವಿಲ್ಲ. ಆಮೇಲೆ ಯಾರೋ ಬಂದು ‘ನಾವು ಹೀಗೆ ಮಾಡುವುದಿಲ್ಲ’ ಎಂದು ಒಂದು ಸಾಲು ಗೀಚಿ ಮುಚ್ಚುತ್ತಾರೆ. ಆ ‘ನಾವು’ ಯಾರು, ಹೀಗೆ ಯಾಕೆ ಮಾಡುವುದಿಲ್ಲ ಎಂದು ಕೇಳಲು ಅವಳಿಗೆ ವಿಳಾಸವೇ ಇಲ್ಲ.

ಪೈಥಾನ್ ಭಾಷೆಯ ಕಥೆಯನ್ನು ಸ್ವಲ್ಪ ಸಾವಕಾಶವಾಗಿಯೇ ಹೇಳಬೇಕು. ಅದರ ಕರ್ತೃ ಗೀಡೊ ವಾನ್ ರಾಸಮ್ ಅವರಿಗೆ ‘ಜೀವನಪರ್ಯಂತ ದಯಾಳು ಸರ್ವಾಧಿಕಾರಿ’ ಎಂಬ ಅರ್ಧ ತಮಾಷೆಯ ಬಿರುದಿತ್ತು. ಯಾವ ವಿವಾದದಲ್ಲೂ ಕೊನೆಯ ಮಾತು ಅವರದು. ಪೈಥಾನಿನಲ್ಲಿ ದೊಡ್ಡ ಬದಲಾವಣೆಗೆ ‘ಪೆಪ್’ ಎಂಬ ಲಿಖಿತ ಪ್ರಸ್ತಾವ ಬರೆಯುವುದು ರೂಢಿ. 2018ರಲ್ಲಿ ಪೆಪ್ 572 ಬಂತು: ಒಂದು ಎಕ್ಸ್‌ಪ್ರೆಶನ್ನಿನ ನಡುವೆಯೇ ಹೆಸರೊಂದಕ್ಕೆ ಬೆಲೆ ತುಂಬುವ ಸೌಲಭ್ಯ, ಅದಕ್ಕೆ ಕೋಲನ್ ಪಕ್ಕ ಈಕ್ವಲ್ಸ್ ಗುರುತು. ವಾಲ್ರಸ್ ಪ್ರಾಣಿಯ ಕಣ್ಣು, ಕೋರೆಹಲ್ಲುಗಳ ಹಾಗೆ ಕಾಣುತ್ತದೆಂದು ವಾಲ್ರಸ್ ಆಪರೇಟರ್ ಎಂದೇ ಹೆಸರಾಯಿತು. ಇಷ್ಟು ಚಿಕ್ಕ ಗುರುತಿಗೆ ತಿಂಗಳುಗಟ್ಟಲೆ ಕಾದಾಟ. ಪ್ರಸ್ತಾವವನ್ನು ಒಪ್ಪಿಕೊಂಡ ಗೀಡೊ, ಜುಲೈ 12ರಂದು ಒಂದು ಪತ್ರ ಬರೆದು ಅಧಿಕಾರ ಬಿಟ್ಟರು. ಇನ್ನು ಇಂಥ ಹೋರಾಟ ತಮ್ಮಿಂದಾಗದು. ಉತ್ತರಾಧಿಕಾರಿಯನ್ನೂ ನೇಮಿಸುವುದಿಲ್ಲ, ಮುಂದಿನದನ್ನು ನೀವೇ ನೋಡಿಕೊಳ್ಳಿ ಎಂಬುದು ಪತ್ರದ ಸಾರ.

ಯಜಮಾನ ಎದ್ದು ಹೋದ ಮನೆಯಲ್ಲಿ ಹೊಸ ವ್ಯವಸ್ಥೆಯನ್ನು ಯಾರು ಆರಿಸಬೇಕು, ಹೇಗೆ ಆರಿಸಬೇಕು? ಪೈಥಾನಿನವರು ತಮಗೆ ರೂಢಿಯಿದ್ದ ದಾರಿಯನ್ನೇ ಹಿಡಿದರು, ಬರೆಯಲು ಕೂತರು. ಬೇರೆ ಪ್ರಾಜೆಕ್ಟುಗಳು ಹೇಗೆ ಆಡಳಿತ ನಡೆಸುತ್ತವೆಂಬ ಸಮೀಕ್ಷೆಗೆ ಒಂದು ಪೆಪ್, ಮತದಾನದ ಕ್ರಮಕ್ಕೆ ಇನ್ನೊಂದು, ಆಡಳಿತದ ಮಾದರಿಗಳಿಗೆ 8010ರಿಂದ 8016ರವರೆಗೆ ಏಳು. ಮತ್ತೆ ಒಬ್ಬರೇ ಮುಖ್ಯಸ್ಥರಿರಲಿ ಎಂಬುದೂ ಅವುಗಳಲ್ಲಿ ಒಂದು. ಡಿಸೆಂಬರಿನಲ್ಲಿ ಮತ ಹಾಕಿ ಐದು ಜನರ ಸ್ಟೀರಿಂಗ್ ಕೌನ್ಸಿಲ್ ಮಾದರಿಯನ್ನು ಒಪ್ಪಿದರು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಅದರಲ್ಲಿ ಇರುವಂತಿಲ್ಲ. 2019ರ ಮೊದಲ ಕೌನ್ಸಿಲಿಗೆ ಗೀಡೊ ಕೂಡ ಆರಿಸಿ ಬಂದರು, ಐವರಲ್ಲಿ ಒಬ್ಬರಾಗಿ.

ಆದರೆ ನನಗೆ ಇದಕ್ಕಿಂತ ಇಷ್ಟವಾಗುವುದು ಜಗಳಕ್ಕೆ ಕಾರಣವಾದ ಪೆಪ್ 572ರ ಕಡತವೇ. ಒಪ್ಪಿಕೊಂಡದ್ದರ ವಿವರಣೆಯ ಜೊತೆಗೆ, ತಳ್ಳಿಹಾಕಿದ್ದರ ಲೆಕ್ಕವೂ ಅದರಲ್ಲಿ ಉದ್ದಕ್ಕಿದೆ. ಬಾಣದ ಗುರುತು ಯಾಕೆ ಬೇಡವೆನಿಸಿತು, ಭಾಷೆಯಲ್ಲಿ ಆಗಲೇ ಇದ್ದ ‘ಆ್ಯಸ್’ ಪದವನ್ನೇ ಬಳಸಿದರೆ ಏನು ಗೊಂದಲವಾಗುತ್ತಿತ್ತು ಎಂದು ಒಂದೊಂದಕ್ಕೂ ಕಾರಣ ಕೊಟ್ಟಿದ್ದಾರೆ. ನಾಳೆ ಮೈಸೂರಿನ ವಿದ್ಯಾರ್ಥಿನಿಯೊಬ್ಬಳು ಅದೇ ‘ಆ್ಯಸ್’ ಸಲಹೆ ಹಿಡಿದು ಬಂದರೆ ಅವಳನ್ನು ಯಾರೂ ಗದರಬೇಕಿಲ್ಲ, ಆ ಪುಟ ತೋರಿಸಿದರೆ ಸಾಕು. ಒಪ್ಪಿಗೆಯಾಗದಿದ್ದರೆ ಅವಳು ಮನುಷ್ಯರನ್ನು ಬಿಟ್ಟು ಆ ಕಾರಣದ ಜೊತೆಗೇ ಜಗಳಕ್ಕಿಳಿಯಬಹುದು.

ಇದಕ್ಕೆ ತೂಕದ ಆಕ್ಷೇಪವೊಂದಿದೆ. ಲಿಖಿತ ನಿಯಮ ಬಂದ ಕಡೆ ನಿಯಮದ ವಕೀಲರೂ ಬರುತ್ತಾರೆ. ಕಂಪ್ಯೂಟರ್ ಆನ್ ಮಾಡಿದಾಗ ಉಳಿದ ಸೇವೆಗಳನ್ನೆಲ್ಲ ಚಾಲೂ ಮಾಡುವ ಕೆಲಸಕ್ಕೆ ಸಿಸ್ಟಮ್‌ಡಿ ಬೇಕೋ ಬೇರೆಯದೋ ಎಂದು ಡೆಬಿಯನ್ 2014ರ ವರ್ಷವಿಡೀ ಗುದ್ದಾಡಿತು. ಎಂಟು ಜನರ ತಾಂತ್ರಿಕ ಸಮಿತಿ ಸಮಸಮ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ವಿಷಯ ಅಲ್ಲಿಗೂ ಮುಗಿಯದೆ ಎಲ್ಲ ಸದಸ್ಯರ ಮತಕ್ಕೆ ಹೋಯಿತು. ನವೆಂಬರಿನಲ್ಲಿ ಗೆದ್ದದ್ದು ‘ಇದಕ್ಕೆ ಸಾರ್ವತ್ರಿಕ ನಿರ್ಣಯವೇ ಬೇಕಿಲ್ಲ’ ಎಂಬ ಆಯ್ಕೆ! ಅಷ್ಟರಲ್ಲಿ, ಹದಿನೆಂಟು ವರ್ಷ ಅಲ್ಲಿ ದುಡಿದ ಜೋಯಿ ಹೆಸ್ ಹೊರನಡೆದಿದ್ದರು. ಹೋಗುವಾಗ ಸಂವಿಧಾನವನ್ನೇ ವಿಷಕಾರಿ ಎಂದು ಕರೆದರು. ಅದು ಮೊದಲು ಮುಂದೆ ಬಂದಾಗ ವಿರೋಧಿಸದೆ ಸುಮ್ಮನಿದ್ದೆನಲ್ಲ ಎಂದು ಹಳಹಳಿಸಿದರು. ಆ ಸಂವಿಧಾನ ಬರೆಯುವುದರಲ್ಲಿ ಮುಖ್ಯ ಪಾತ್ರವಿದ್ದ ಇಯಾನ್ ಜಾಕ್ಸನ್ ಕೂಡ ತಾಂತ್ರಿಕ ಸಮಿತಿ ಬಿಟ್ಟರು. ಸಿಟ್ಟಾದ ಕೆಲವರು ಡೆವುವಾನ್ ಎಂಬ ಕವಲು ತೆಗೆದರು.

ಹೆಸ್ ಅವರ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾರೆ. ಕೆಲಸ ಮಾಡುತ್ತ ಬಗೆಹರಿಯಬೇಕಾದದ್ದು ಮತಪೆಟ್ಟಿಗೆಗೆ ಹೋದಾಗ ಕೆಲಸಗಾರರೇ ಮೊದಲು ದಣಿಯುತ್ತಾರೆ, ವಾದ ಮಾಡುವವರಿಗೆ ಮಾತ್ರ ದಣಿವಿಲ್ಲ. ಆದರೂ ಡೆಬಿಯನ್ ಉಳಿದಿದೆ, ವರ್ಷವರ್ಷವೂ ತನ್ನ ನಾಯಕರನ್ನು ಆರಿಸಿಕೊಳ್ಳುತ್ತಿದೆ. ಹೆಸ್ ಹಳಿದ ಅದೇ ದಸ್ತಾವೇಜಿನಲ್ಲಿ ಒಂದು ಕಲಮಿದೆ: ಯಾರ ಮೇಲೂ ಯಾವ ಕೆಲಸವನ್ನೂ ಹೇರುವಂತಿಲ್ಲ, ಮನಸ್ಸಿಲ್ಲದವರು ಮಾಡಬೇಕಿಲ್ಲ, ಆದರೆ ಕ್ರಮಬದ್ಧವಾಗಿ ಆದ ತೀರ್ಮಾನದ ವಿರುದ್ಧ ಬೇಕೆಂದೇ ಕೆಲಸ ಮಾಡಕೂಡದು. ಸಂಬಳವಿಲ್ಲದೆ ದುಡಿಯುವವರ ಕೂಟಕ್ಕೆ ಇದಕ್ಕಿಂತ ಚೊಕ್ಕ ಒಪ್ಪಂದವನ್ನು ನಾನಂತೂ ಕಂಡಿಲ್ಲ.

‘ಇಷ್ಟ ಇಲ್ಲದಿದ್ರೆ ಫೋರ್ಕ್ ಮಾಡ್ಕೊ’ ಎಂಬ ಉಡಾಫೆಗೆ ಒಂದೇ ಉತ್ತರ: ಕೋಡಿನ ನಕಲು ನಿಮಿಷದಲ್ಲಿ ಆಗುತ್ತದೆ, ಅದನ್ನು ನಂಬಿಕೊಂಡ ಜನರ ನಕಲು ಆಗುವುದಿಲ್ಲ.

2024ರಲ್ಲಿ ವರ್ಡ್‌ಪ್ರೆಸ್ ಇದನ್ನು ಬೀದಿಗೆ ತಂದು ತೋರಿಸಿತು. ಜಗತ್ತಿನ ಐದು ವೆಬ್‌ಸೈಟ್‌ಗಳಲ್ಲಿ ಎರಡಾದರೂ ಅದರ ಮೇಲೆ ನಿಂತಿವೆ, ಕನ್ನಡದ ಎಷ್ಟೋ ಬ್ಲಾಗುಗಳೂ ಸೇರಿ. ಸಹಸಂಸ್ಥಾಪಕ ಮ್ಯಾಟ್ ಮುಲ್ಲನ್‌ವೆಗ್ ಅವರಿಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಜಟಾಪಟಿಯಾಯಿತು. ಸಮುದಾಯದ ದುಡಿಮೆಯಿಂದ ಲಾಭ ಮಾಡಿಕೊಂಡು ಮರಳಿ ಕೊಡುವುದು ಕಡಿಮೆ ಎಂಬ ಅವರ ದೂರಿನಲ್ಲಿ ಹುರುಳಿರಬಹುದು. ಆದರೆ ಅವರು ಕೈಗೆತ್ತಿಕೊಂಡ ಆಯುಧ ನೋಡಿ: ಎಲ್ಲರಿಗೂ ಪ್ಲಗಿನ್, ಅಪ್‌ಡೇಟ್‌ಗಳು ಹರಿದುಬರುವ ವರ್ಡ್‌ಪ್ರೆಸ್ ಡಾಟ್ ಆರ್ಗ್. ಅದು ವರ್ಡ್‌ಪ್ರೆಸ್ ಫೌಂಡೇಶನ್ನಿನ ಆಸ್ತಿ ಎಂದೇ ಬಹಳ ಜನ ನಂಬಿದ್ದರು. ಮುಲ್ಲನ್‌ವೆಗ್ ಅವರ ಸ್ವಂತದ್ದೆಂದು ಆ ಜನರಿಗೆ ತಿಳಿದದ್ದೇ ಆಗ. ಎದುರಾಳಿ ಕಂಪನಿಗೆ ಬಾಗಿಲು ಮುಚ್ಚಿತು. ಅದರ ಜನಪ್ರಿಯ ಪ್ಲಗಿನ್ನಿನ ಜಾಗದಲ್ಲಿ ಬೇರೆ ಹೆಸರಿನ ಕವಲು ಬಂದು ಕೂತಿತು. ಲಾಗಿನ್ ಆಗುವವರು ‘ನನಗೂ ಡಬ್ಲ್ಯುಪಿ ಎಂಜಿನ್‌ಗೂ ಸಂಬಂಧವಿಲ್ಲ’ ಎಂಬರ್ಥದ ಚೌಕಕ್ಕೆ ಟಿಕ್ ಹಾಕಬೇಕಾಯಿತು. ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟು ಹಿಂದಿನ ಸ್ಥಿತಿಗೆ ತರಲು ಹೇಳಬೇಕಾಯಿತು. ಇಪ್ಪತ್ತು ವರ್ಷ ಕೋಡ್ ಬರೆದುಕೊಟ್ಟ ಸಮುದಾಯ, ಬೀಗದ ಕೈ ಯಾರ ಜೇಬಿನಲ್ಲಿದೆಯೆಂದು ಬರೆಸಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ‘ಬರೀ ಕೋಡ್’ ಎಂಬ ಮುಗ್ಧತೆಯ ಬೆಲೆ ಇದು.

ಬರೆದಿಟ್ಟರೆ ಎಲ್ಲವೂ ಸರಿಹೋಗುತ್ತದೆಂದು ನಾನೂ ಹೇಳುವುದಿಲ್ಲ. ಅದೇ ವರ್ಷ ಎಕ್ಸ್‌ಝಡ್ ಎಂಬ ಪುಟ್ಟ ಲೈಬ್ರರಿಯೊಳಗೆ ಹಿಂಬಾಗಿಲು ಇಟ್ಟದ್ದು ಬಯಲಾಯಿತು. ಬಿಡುವಿನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅವರೂ ಬಳಲಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ವರ್ಷಗಟ್ಟಲೆ ಒಳ್ಳೆಯ ಪ್ಯಾಚ್ ಕಳಿಸಿ, ಅವರ ವಿಶ್ವಾಸ ಗಳಿಸಿ, ಮೇಂಟೇನರ್ ಆಗಿಬಿಟ್ಟರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯೇಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅನಾಹುತ ತಪ್ಪಿತು. ಒಬ್ಬರೇ ಇರುವ ಕಡೆ ಯಾವ ಸಂವಿಧಾನವೂ ಕೆಲಸಕ್ಕೆ ಬಾರದು. ಅಲ್ಲಿ ಮೊದಲು ಇನ್ನೊಬ್ಬರ ಸಂಬಳಕ್ಕೆ ದುಡ್ಡು ಬೇಕು.

ಇರುವ ಕೈಗಳನ್ನಾದರೂ ಸರಿಯಾಗಿ ಎಣಿಸುತ್ತಿದ್ದೇವೆಯೇ? ಮ್ಯಾನುಯಲ್ ಪುಟ ಇಲ್ಲದ ಪ್ರೋಗ್ರಾಂ ಎಂದರೆ ಡೆಬಿಯನ್ ನಿಯಮದಲ್ಲಿ ದೋಷವಿರುವ ಪ್ರೋಗ್ರಾಂ. ಆದರೂ ಆ ಪುಟ ಬರೆಯುವವರನ್ನು ಎರಡನೇ ಪಂಕ್ತಿಯಲ್ಲಿ ಕೂರಿಸುವ ಚಾಳಿ ಈ ಲೋಕದಲ್ಲಿ ಹೋಗಿಲ್ಲ. 2010ರಲ್ಲಿ ಡೆಬಿಯನ್ ಮತ ಹಾಕಿ, ಪ್ಯಾಕೇಜ್ ಮಾಡದವರನ್ನೂ ಪೂರ್ಣ ಸದಸ್ಯರಾಗಿ ಬರಮಾಡಿಕೊಂಡಿತು. ದಾಖಲೆ ಬರೆಯುವವರು, ಅನುವಾದಕರು ಪ್ಯಾಕೇಜ್ ಅಪ್‌ಲೋಡ್ ಮಾಡುವಂತಿಲ್ಲ, ನಾಯಕರ ಚುನಾವಣೆಯಲ್ಲಿ ಮತ ಹಾಕಬಹುದು. ಉಳಿದ ಪ್ರಾಜೆಕ್ಟುಗಳೂ ಇದನ್ನು ನಕಲು ಮಾಡಬೇಕು. ಗ್ನೋಮ್, ಫೈರ್‌ಫಾಕ್ಸ್‌ಗಳನ್ನು ಕನ್ನಡಕ್ಕೆ ತಂದವರು ಒಂದು ಸಾಲು ಸಿ ಕೋಡ್ ಬರೆಯದೆ ಇರಬಹುದು. ಮೆನುವಿನಲ್ಲಿ ಈ ಪದವೇ ಯಾಕೆ ಕೂತಿದೆ, ಯಾವ ಪದವನ್ನು ಯಾಕೆ ಬಿಟ್ಟರು ಎಂಬುದು ಅವರಷ್ಟು ಇನ್ಯಾರಿಗೂ ಗೊತ್ತಿಲ್ಲ. ಅವರಿಗೆ ಮತ ಇರಲಿ, ಆ ಕಾರಣಗಳನ್ನು ಬರೆದಿಡಲು ಪ್ರಾಜೆಕ್ಟಿನೊಳಗೆ ಒಂದು ಫೈಲೂ ಇರಲಿ.