ಅಕ್ಕನ ನುಡಿ, ತಮ್ಮನ ಲಿನಕ್ಸ್

ದೀಪಾವಳಿಗೆ ಊರಿಗೆ ಹೋದರೆ ನನಗೆ ಎರಡು ಗ್ಯಾರಂಟಿ. ಒಂದು ಅವ್ವನ ಹೋಳಿಗೆ, ಇನ್ನೊಂದು ಯಾರದಾದರೂ ಕಂಪ್ಯೂಟರ್ ರಿಪೇರಿ. ಸಾಫ್ಟ್‌ವೇರ್ ಎಂಜಿನಿಯರ್ ಅಂದ್ರೆ ಪ್ರಿಂಟರ್ ಸರಿ ಮಾಡೋನು ಅಂತ ಅಂದೋಲಾದಲ್ಲಿ ಎಲ್ಲರ ನಂಬಿಕೆ. ಈ ಸಲ ಕಾಕಾನ ಮನೆಯಿಂದ ಕರೆ ಬಂತು.

ಕಾಕಾನ ಮಗಳು, ಅಂದ್ರೆ ನನ್ನ ಅಕ್ಕ, ಮುಂದಿನ ಕೋಣೆಯಲ್ಲಿ ಟೈಪಿಂಗ್ ಮಾಡಿಕೊಡ್ತಾಳೆ. ಅರ್ಜಿ, ಲಗ್ನಪತ್ರಿಕೆ, ಕರಾರುಪತ್ರ, ಎಲ್ಲಾ ನುಡಿಯಲ್ಲಿ. ಏಳು ವರ್ಷದ ಫೈಲುಗಳು ಒಂದೇ ಒಂದು 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿವೆ. ಅವಳ ತಮ್ಮ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದ್ತಾನೆ, ಅವನಿಗೆ ಲ್ಯಾಬ್ ಅಭ್ಯಾಸಕ್ಕೆ ಲಿನಕ್ಸ್ ಬೇಕು. ಸ್ಕಾಲರ್‌ಶಿಪ್ ದುಡ್ಡಲ್ಲಿ 240 ಜಿಬಿಯ ಎಸ್‌ಎಸ್‌ಡಿ ತಂದಿಟ್ಟಿದ್ದ.

“ಅಣ್ಣಾ, ಇದು ನಂದು. ಲಿನಕ್ಸ್ ಇದರಾಗೇ ಹಾಕು,” ಅಂದ.

“ತಮ್ಮಾ, ನೀ ಏನರ ಮಾಡು, ನನ್ನ ಫೈಲ್ ಒಂದೂ ಹೋಗಬಾರ್ದು ನೋಡು. ಲಗ್ನದ ಸೀಜನ್ ಬಂತು,” ಅಂದಳು ಅಕ್ಕ.

ಪೂರ್ತಿ ಲಿನಕ್ಸೇ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಗಲ್ಲ. ಅಕ್ಕನ ಹಳೇ ಫೈಲುಗಳು ಯುನಿಕೋಡ್‌ನಲ್ಲಿಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿರ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆಗೆದರೆ ಮದುಮಗನ ಹೆಸರು ಅರ್ಥವಿಲ್ಲದ ಗೀಚು. ಫಾಂಟ್ ಹಾಕಿ ಓದಬಹುದು, ಆದರೆ ಅವಳ ಕೈ ಕೂತಿರೋದು ವಿಂಡೋಸ್‌ನ ನುಡಿ ಮೇಲೆ. ಇತ್ತ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು. ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಬಹುತೇಕ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಇವರದ್ದು ಆರನೆಯದು. ಹಾಗಾಗಿ ಟೈಪಿಂಗ್‌ಗೆ ವಿಂಡೋಸ್, ಬ್ಯಾಂಕು-ಇಂಟರ್ನೆಟ್ಟಿಗೆ ಲಿನಕ್ಸ್ ಅಂತ ಹಂಚಿದರೆ ಇಬ್ಬರಿಗೂ ಒಳ್ಳೇದು.

ಜಗಳ ಶುರುವಾದದ್ದು ವೇಗದ ಡಿಸ್ಕ್ ಯಾರಿಗೆ ಅನ್ನೋದಕ್ಕೆ. ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಬೇಕು, ಓದುವ ಮುಳ್ಳು ಜಾಗ ಹುಡುಕಬೇಕು. ಸಾವಿರಾರು ಸಣ್ಣ ಫೈಲು ಓದುವ ಆಪರೇಟಿಂಗ್ ಸಿಸ್ಟಂಗೆ ಅದೇ ಶಿಕ್ಷೆ. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ. ಮನೆ ನಡೆಯೋದು ಅಕ್ಕನ ದುಡಿಮೆಯಿಂದ, ಆದ್ದರಿಂದ ವಿಂಡೋಸ್‌ಗೂ ಎಸ್‌ಎಸ್‌ಡಿಯಲ್ಲಿ ಪಾಲು ಅಂತ ನಾನು ತೀರ್ಪು ಕೊಟ್ಟೆ. 120 ಜಿಬಿ ವಿಂಡೋಸ್‌ಗೆ, ಉಳಿದದ್ದು ಲಿನಕ್ಸ್‌ಗೆ. ಹಾರ್ಡ್ ಡಿಸ್ಕ್ ಬರೀ ಕಡತ ಇಡೋಕೆ. ತಮ್ಮ ಮುಖ ಊದಿಸಿಕೊಂಡ. ಕಾಕಾ ನಡುವೆ ಬಂದು, “ಅರ್ಧ ರೊಕ್ಕ ಅಕ್ಕ ಕೊಡ್ತಾಳ ಬಿಡೋ,” ಅಂದ ಮೇಲೆ ಸುಮ್ಮನಾದ.

ಈ ಕೆಲಸದಲ್ಲಿ ನನಗೊಂದು ಹಳೇ ಭಯ ಇದೆ. ಹಾಸ್ಟೆಲ್‌ನಲ್ಲಿದ್ದಾಗ ಎರಡು ಡಿಸ್ಕ್ ಜೋಡಿಸಿಕೊಂಡು ಲಿನಕ್ಸ್ ಹಾಕ್ತಿದ್ದೆ. ‘ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು’ ಅಂತ ಒತ್ತಿದೆ. ಎಸ್‌ಡಿಎ ಅನ್ನೋದು ಹೊಸ ಡಿಸ್ಕ್ ಅಂದುಕೊಂಡಿದ್ದೆ, ಅದು ಹಳೇದಾಗಿತ್ತು. ಕೇಬಲ್ಲು, ಪೆನ್‌ಡ್ರೈವ್ ಬದಲಾದರೆ ಆ ಹೆಸರುಗಳೂ ಅದಲುಬದಲಾಗ್ತವೆ ಅಂತ ಆಮೇಲೆ ಗೊತ್ತಾಯ್ತು. ನಮ್ಮ ಅಜ್ಜಿಯ ಕೊನೇ ವರ್ಷದ ಫೋಟೋಗಳು ಅದರಲ್ಲಿದ್ದವು. ಅವ್ವ ಇವತ್ತಿಗೂ ಒಮ್ಮೊಮ್ಮೆ ಕೇಳ್ತಾಳೆ, “ಆ ಫೋಟೋ ಸಿಗಂಗಿಲ್ಲೇನು?”

ಅದಕ್ಕೇ ಈಗ ನಾನು ಮಾಡೋ ಮೊದಲ ಕೆಲಸ ಕಂಪ್ಯೂಟರ್ ಹೊರಗಿಂದೇ ಶುರುವಾಗುತ್ತೆ. ಮೊದಲು ಅಕ್ಕನ ಫೈಲುಗಳನ್ನೆಲ್ಲ ಬೇರೆ ಡ್ರೈವ್‌ಗೆ ಕಾಪಿ ಮಾಡಿದೆ. ಏಳು ವರ್ಷದ ದುಡಿಮೆ ಬರೀ 11 ಜಿಬಿ! ಆಮೇಲೆ ಕರೆಂಟ್ ಪ್ಲಗ್ ತೆಗೆದು, ಡಬ್ಬಿ ಬಿಚ್ಚಿ, ಹಾರ್ಡ್ ಡಿಸ್ಕ್‌ನ ಕೇಬಲ್ ಕಿತ್ತಿಟ್ಟೆ. ಕಾಣದ ಡಿಸ್ಕನ್ನು ಯಾವ ಇನ್‌ಸ್ಟಾಲರೂ ಅಳಿಸಲಾರದು. ಇನ್ನೊಂದು ಲಾಭ: ಕೆಲವು ಇನ್‌ಸ್ಟಾಲರ್‌ಗಳು ಸಿಸ್ಟಂ ಒಂದು ಡಿಸ್ಕ್‌ನಲ್ಲಿ ಹಾಕಿ, ಬೂಟ್ ಲೋಡರನ್ನು ಇನ್ನೊಂದರಲ್ಲಿ ಇಟ್ಟುಬಿಡ್ತವೆ. ಮುಂದೆ ಆ ಡಿಸ್ಕ್ ಕೆಟ್ಟ ದಿನ ಎರಡೂ ಸಿಸ್ಟಂ ಏಳೋದಿಲ್ಲ. ಕೇಬಲ್ ಕಿತ್ತಿದ್ದರೆ ಆ ಗೊಂದಲವೇ ಇಲ್ಲ.

ಹಾರ್ಡ್ ಡಿಸ್ಕ್‌ನ ಪಾರ್ಟಿಷನ್ ಕುಗ್ಗಿಸುವ ದಾರಿಯೂ ಇತ್ತು, ಅದು ಬೇಡ ಅಂದೆ. ಡೇಟಾ ಸರಿಸುತ್ತಿರುವಾಗ ಕರೆಂಟ್ ಹೋದರೆ ಕಥೆ ಮುಗೀತು, ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋರು ಯಾರು? ಆ ದಿನ ಮಧ್ಯಾಹ್ನವೇ ಹೋಯ್ತು. ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಅರ್ಧ ಆಗಿತ್ತು. ಮತ್ತೆ ಮೊದಲಿಂದ ಹಾಕಿದೆವು, ಕಳಕೊಂಡದ್ದು ಅರ್ಧ ಗಂಟೆ ಅಷ್ಟೇ.

ಮೊದಲು ವಿಂಡೋಸ್, ಆಮೇಲೆ ಲಿನಕ್ಸ್, ಎರಡೂ ಯುಇಎಫ್‌ಐ ಮೋಡ್‌ನಲ್ಲಿ. ಕೊನೆಗೆ ಹಾರ್ಡ್ ಡಿಸ್ಕ್ ಜೋಡಿಸಿ, ಬೂಟ್ ಸರದಿಯಲ್ಲಿ ಎಸ್‌ಎಸ್‌ಡಿಯನ್ನು ಮುಂದಿಟ್ಟೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿದೆ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚೋದೇ ಇಲ್ಲ, ಲಿನಕ್ಸ್‌ನಿಂದ ಅಕ್ಕನ ಡಿಸ್ಕ್‌ಗೆ ಬರೆಯೋಕೆ ಆಗಲ್ಲ. ನಿಮ್ಮದು ಲ್ಯಾಪ್‌ಟಾಪ್ ಆದರೆ ಇನ್ನೊಂದು ಮಾತು: ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡೇ ಬಯೋಸ್ ಮುಟ್ಟಿ.

ಬೆಂಗಳೂರಿಗೆ ಬಂದ ಮೂರನೇ ದಿನ ಅಕ್ಕನ ಫೋನ್. “ತಮ್ಮಾ, ಮುಂಜಾನೆ ಹನ್ನೊಂದಾಗ್ಯದ, ಇದು ಐದೂವರೆ ತೋರಸ್ಲಾಕತ್ತದ!” ನಕ್ಕುಬಿಟ್ಟೆ. ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸಮಯ ಇಡುತ್ತೆ, ಲಿನಕ್ಸ್ ಜಾಗತಿಕ ಸಮಯ ಇಡುತ್ತೆ. ನಡುವೆ ಸರಿಯಾಗಿ ಐದೂವರೆ ಗಂಟೆ. ಫೋನ್ ತಮ್ಮನ ಕೈಗೆ ಕೊಡಿಸಿ, ಲಿನಕ್ಸ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಅಂತ ಒಂದು ಸಾಲು ಹೊಡೆಸಿದೆ.

“ಆಯ್ತಣ್ಣಾ,” ಅಂದ. ಹಿಂದಿಂದ ಅಕ್ಕನ ದನಿ ಕೇಳಿಸ್ತು: “ಮುಗೀತಾ? ಏಳು ಮತ್ತ, ಗಿರಾಕಿ ಬಂದಾರ.”